ಶಿಕ್ಷಕಿಯ ಕೈಗೆ ಶಾಲೆಯ ಚಾರ್ಜ್

(ಪ್ರಾಥಮಿಕ ಶಾಲಾ ಶಿಕ್ಷಕರ ಸಮಾವೇಶವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಈ ಸಭೆಯಲ್ಲಿ ಕೂತಿರುವವರಲ್ಲಿ ಹೆಂಗಸರೇ ಜಾಸ್ತಿ. ದೇಶದ ಲೆಕ್ಕವೂ ಈಗ ಹಾಗೇ ಇದೆ. 2024-25ರ ಯುಡೈಸ್ (ಕೇಂದ್ರದ ಶಾಲಾ ಅಂಕಿಅಂಶ) ವರದಿ ಪ್ರಕಾರ ಭಾರತದ ಶಾಲಾ ಶಿಕ್ಷಕರ ಸಂಖ್ಯೆ ಮೊದಲ ಸಲ 1 ಕೋಟಿ ದಾಟಿತು. ಅವರಲ್ಲಿ ನೂರಕ್ಕೆ 54 ಮಂದಿ ಹೆಂಗಸರು.

ಈಗ ಸ್ವಲ್ಪ ಕೈ ಎತ್ತಿ. ಶಾಲೆಯ ಚಾರ್ಜ್, ಅಂದರೆ ಪಾಠದ ಜೊತೆಗೆ ಮುಖ್ಯ ಶಿಕ್ಷಕರ ಕೆಲಸವನ್ನೂ ಹೊತ್ತಿರುವ ಶಿಕ್ಷಕಿಯರು ಯಾರ್ಯಾರು? ತುಂಬಾ ಕೈಗಳಿವೆ. ಬಡ್ತಿ ಪಡೆದು ಪೂರ್ಣ ಪ್ರಮಾಣದ ಮುಖ್ಯ ಶಿಕ್ಷಕಿ ಆದವರು? ಅರ್ಧಕ್ಕರ್ಧ ಕೈ ಇಳಿದವು. ಸಿಆರ್‌ಪಿ, ಬಿಆರ್‌ಪಿ ಆಗಿ, ಅಂದರೆ ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಮತ್ತು ತಾಲ್ಲೂಕು ಮಟ್ಟದಲ್ಲಿ ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿಯಾಗಿ ಕೆಲಸ ಮಾಡಿದವರು? ಬೆರಳೆಣಿಕೆಯಷ್ಟು. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ತಾಲ್ಲೂಕಿನ ತರಬೇತಿ ಯಾವಾಗ, ಎಲ್ಲಿ ಎಂದು ತೀರ್ಮಾನ ಆಗುವಾಗ ಆ ಮೇಜಿನ ಸುತ್ತ ಕೂತಿದ್ದವರು? ಯಾರೂ ಇಲ್ಲ.

ನನ್ನ ಇವತ್ತಿನ ಮಾತು ಇದರ ಬಗ್ಗೆಯೇ. ತರಗತಿ ತುಂಬಾ ನಾವಿದ್ದೇವೆ. ಶಾಲೆಯ ಹೊರೆಯೂ ನಮ್ಮ ತಲೆ ಮೇಲೆ ಬರುತ್ತಿದೆ. ಆದರೆ ಆ ಕೆಲಸ ಕಲಿಯಲು ಬೇಕಾದ ಸಮಯ, ತರಬೇತಿ, ಜೊತೆಗಾರರು ಮಾತ್ರ ಸಿಗುತ್ತಿಲ್ಲ. ಆಮೇಲೆ "ಹೆಂಗಸರಿಗೆ ಆಡಳಿತದಲ್ಲಿ ಆಸಕ್ತಿ ಇಲ್ಲ" ಅನ್ನುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ.

ಮೊದಲು ನಾವು ಈ ಕೆಲಸಕ್ಕೆ ಹೇಗೆ ಬಂದೆವು ಎಂದು ನೋಡೋಣ. ಸಾವಿತ್ರಿಬಾಯಿ ಫುಲೆ ಅವರ ಚಿತ್ರ ನಿಮ್ಮೆಲ್ಲರ ಶಾಲೆಯಲ್ಲೂ ಇದೆ. 1848ರಲ್ಲಿ ಪುಣೆಯ ಭಿಡೆವಾಡದಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು ಎಂದು ಭಾಷಣಗಳಲ್ಲಿ ಹೇಳುತ್ತೇವೆ. ಅವರ ಮೇಲೆ ಸಗಣಿ ಎರಚಿದರು ಎಂದೂ ಹೇಳುತ್ತೇವೆ. ಆದರೆ ಅವರು ಅಹಮದ್‌ನಗರದಲ್ಲಿ, ಪುಣೆಯಲ್ಲಿ ಶಿಕ್ಷಕಿಯ ತರಬೇತಿ ಪಡೆದಿದ್ದರು ಎಂದು ಹೇಳುವವರು ಕಡಿಮೆ. ಬರೀ ಧೈರ್ಯ ಇದ್ದಿದ್ದರಿಂದ ಶಾಲೆ ನಡೆಯಲಿಲ್ಲ. ಅವರು ಕಲಿತಿದ್ದರು, ತರಬೇತಿ ಪಡೆದಿದ್ದರು, ಪಾಠ ಮಾಡಿದರು, ಶಾಲೆಯ ಆಡಳಿತವನ್ನೂ ನೋಡಿಕೊಂಡರು. ಜೊತೆಗೆ ಫಾತಿಮಾ ಶೇಖ್ ಇದ್ದರು. ತರಬೇತಿ, ಮುಂದಾಳತ್ವ, ಜೊತೆಗಾತಿ, ಮೂರೂ ಅಲ್ಲಿ ಒಟ್ಟಿಗೆ ಇದ್ದವು. ಆಮೇಲೆ ಬಂದ ಸರ್ಕಾರಿ ವ್ಯವಸ್ಥೆಯಲ್ಲಿ ಇವು ಬೇರೆ ಬೇರೆ ಆಗಿಬಿಟ್ಟವು.

1986ರ ಶಿಕ್ಷಣ ನೀತಿಯ ನಂತರ, 1987ರಲ್ಲಿ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಬಂತು. ಏಕೋಪಾಧ್ಯಾಯ ಶಾಲೆಗಳಿಗೆ ಎರಡನೇ ಶಿಕ್ಷಕರನ್ನು ಕೊಡಬೇಕು, ಸಾಧ್ಯವಾದಷ್ಟೂ ಅವರು ಹೆಂಗಸಾಗಿರಬೇಕು ಎಂದಿತ್ತು. ನಿಮ್ಮಲ್ಲಿ ಹಿರಿಯರಿಗೆ ಆ ಕಾಲ ನೆನಪಿರಬಹುದು. ಬಾಂಗ್ಲಾದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಿ ಪ್ರಾಥಮಿಕ ಶಾಲೆಗಳ ಶಿಕ್ಷಕರ ಹುದ್ದೆಗಳಲ್ಲಿ ಶೇಕಡ 60ರಷ್ಟನ್ನು ಬಹಳ ವರ್ಷ ಹೆಂಗಸರಿಗೇ ಮೀಸಲಿಟ್ಟಿತ್ತು. ಲೆಕ್ಕಾಚಾರ ಎಲ್ಲ ಕಡೆಯೂ ಒಂದೇ. ಟೀಚರಮ್ಮ ಇದ್ದರೆ ಅಪ್ಪ ಅಮ್ಮ ಮಗಳನ್ನು ಶಾಲೆಗೆ ಕಳಿಸುತ್ತಾರೆ.

ಅದು ಸುಳ್ಳಾಗಲಿಲ್ಲ. ಕಾರ್ತಿಕ್ ಮುರಳೀಧರನ್ ಮತ್ತು ಕೇತಕಿ ಶೇಠ್ ಎಂಬ ಅರ್ಥಶಾಸ್ತ್ರಜ್ಞರು ಆಂಧ್ರಪ್ರದೇಶದ ಶಾಲೆಗಳ ಐದು ವರ್ಷಗಳ ಮಾಹಿತಿ ಇಟ್ಟುಕೊಂಡು ಅಧ್ಯಯನ ಮಾಡಿದರು. ಶಿಕ್ಷಕಿಯರ ತರಗತಿಯಲ್ಲಿ ಹೆಣ್ಣುಮಕ್ಕಳ ಕಲಿಕೆ ಉತ್ತಮವಾಯಿತು, ಅದರಿಂದ ಗಂಡುಮಕ್ಕಳಿಗೆ ನಷ್ಟವೇನೂ ಆಗಲಿಲ್ಲ ಎಂದು ಕಂಡುಕೊಂಡರು. ಅಂದರೆ ನಾವು ಶಾಲೆಯಲ್ಲಿರುವುದರಿಂದ ಪೋಷಕರಿಗೆ ಧೈರ್ಯ ಬರುವುದಷ್ಟೇ ಅಲ್ಲ, ಮಕ್ಕಳು ಕಲಿಯುವುದೂ ಜಾಸ್ತಿಯಾಗುತ್ತದೆ. ಇದನ್ನು ನೀವು ಗಟ್ಟಿಯಾಗಿ ಹೇಳಬೇಕು.

ಆದರೆ ಈ ಯೋಜನೆಗಳ ಕಣ್ಣು ಇದ್ದದ್ದು ತರಗತಿಯ ಮೇಲೆ. ಹೀಗೆ ಬಂದ ಶಿಕ್ಷಕಿ ಹತ್ತು ವರ್ಷ ಕಳೆದ ಮೇಲೆ ಏನಾಗಬೇಕು? ಶಾಲೆ ನಡೆಸುವುದನ್ನು ಅವಳಿಗೆ ಯಾರು ಕಲಿಸಬೇಕು? ಈ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ.

ಚಾರ್ಜ್ ಹೊತ್ತ ಶಿಕ್ಷಕಿಯ ದಿನ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಇಲಾಖೆಯವರೂ ಕೂತಿದ್ದಾರೆ. ಮೂವರು ಶಿಕ್ಷಕರ ಶಾಲೆ. ಅವಳಿಗೆ ನಲಿಕಲಿ ತರಗತಿ, ಅಂದರೆ ಕಾರ್ಡು, ಹಾಡುಗಳ ಮೂಲಕ ಕಲಿಸುವ ಪದ್ಧತಿ, ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ. ಬೆಳಿಗ್ಗೆ ಹಾಲು. ಅಡುಗೆಯವರು ಬಂದರಾ, ಗ್ಯಾಸ್ ಇದೆಯಾ, ಮೊಟ್ಟೆ ಎಷ್ಟು ಎಂದು ನೋಡಬೇಕು. ಹಾಜರಾತಿಯನ್ನು ಆನ್‌ಲೈನ್‌ನಲ್ಲಿ ಹಾಕಬೇಕು, ನೆಟ್‌ವರ್ಕ್‌ಗೆ ಗೇಟಿನ ಹತ್ತಿರ ಹೋಗಬೇಕು. ಅಷ್ಟರಲ್ಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ತುರ್ತು, ಮಧ್ಯಾಹ್ನದ ಒಳಗೆ" ಎಂಬ ಸಂದೇಶ. ಶೌಚಾಲಯದ ರಿಪೇರಿಗೆ ಗುತ್ತಿಗೆದಾರನ ಜೊತೆ ಮಾತು. ಸಂಜೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಸಹಿ. ಇದರ ನಡುವೆ ಆ ಮೂರು ತರಗತಿಯ ಮಕ್ಕಳಿಗೆ ಓದು ಬರಹ ಬರಬೇಕು.

ಹಾಗಾಗಿ ಹಿರಿತನದಲ್ಲಿ ಮುಂದಿದ್ದೂ ಚಾರ್ಜ್ ಬೇಡ ಎಂದ ಶಿಕ್ಷಕಿಯರನ್ನು ನಾನು ದೂರುವುದಿಲ್ಲ. ಅವರಲ್ಲಿ ತುಂಬಾ ಜನರ ಜೊತೆ ಕೂತು ಮಾತಾಡಿದ್ದೇನೆ. "ನನಗೆ ಬರಲ್ಲ" ಎಂದವರು ಕಡಿಮೆ. "ಐದೂವರೆ ಬಸ್ಸು ತಪ್ಪಿದರೆ ಮುಂದಿನದು ಎಂಟಕ್ಕೆ" ಎಂದವರು ಜಾಸ್ತಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ ಟಿಕೆಟ್ ಉಚಿತ. ಒಳ್ಳೆಯದಾಯಿತು, ಎಷ್ಟೋ ಶಿಕ್ಷಕಿಯರ ತಿಂಗಳ ಖರ್ಚು ಉಳಿಯಿತು. ಆದರೆ ಒಳಹಳ್ಳಿಗೆ ಬಸ್ಸಿನ ಸಂಖ್ಯೆ ಅಷ್ಟೇ ಇದೆ. ಕಚೇರಿ ಕೆಲಸ ಇರುವುದು ತಾಲ್ಲೂಕು ಕೇಂದ್ರದಲ್ಲಿ, ಅದೂ ಸಂಜೆ ಹೊತ್ತು. ಅಲ್ಲಿ ಕಾಯಲು ಆಗುವವರು ಬೈಕ್ ಇರುವವರು, ಮನೆಯಲ್ಲಿ ಅಡುಗೆಗೆ ಬೇರೆಯವರು ಇರುವವರು. ಇದು ಆಸಕ್ತಿಯ ಪ್ರಶ್ನೆ ಅಲ್ಲ ಅಲ್ವಾ?

ಸಿಆರ್‌ಪಿ ಹುದ್ದೆಯ ಕಥೆಯೂ ಹೀಗೇ. ಶಿಕ್ಷಕರ ಬೆಳವಣಿಗೆಗೆ ಇಷ್ಟು ಹತ್ತಿರದ ಹುದ್ದೆ ಇನ್ನೊಂದಿಲ್ಲ. ಶಾಲೆಯಿಂದ ಶಾಲೆಗೆ ಹೋಗಿ, ತರಗತಿಯಲ್ಲಿ ಕೂತು, ಪಾಠ ನೋಡಿ, ಸಹೋದ್ಯೋಗಿಯ ಜೊತೆ ಚರ್ಚಿಸುವ ಕೆಲಸ. ನಲಿಕಲಿಯಲ್ಲಿ ಪಳಗಿದ ಶಿಕ್ಷಕಿಗೆ ಹೇಳಿ ಮಾಡಿಸಿದ ಕೆಲಸ. ಆದರೆ ಅದು ನಿಜದಲ್ಲಿ ಏನಾಗಿದೆ? ಮಾಹಿತಿ ಒಟ್ಟುಮಾಡಿ ಮೇಲಕ್ಕೆ ಕಳಿಸುವುದು, ಬೈಕಿನಲ್ಲಿ ಸುತ್ತುವುದು. ಓಡಾಟಕ್ಕೆ ಸಿಗುವ ಭತ್ಯೆ ಪೆಟ್ರೋಲಿಗೂ ಸಾಲದು. ಪಾಠದ ಕೆಲಸ ಹಿಂದೆ ಸರಿದು ಓಡಾಟ ಮುಂದೆ ಬಂದಾಗ, ಆ ಹುದ್ದೆ ತಾನಾಗಿಯೇ ಗಂಡಸರ ಹುದ್ದೆ ಆಗುತ್ತದೆ.

ಇನ್ನು ತರಬೇತಿ. 1964-66ರ ಕೊಠಾರಿ ಆಯೋಗ ಆಗಲೇ ಹೇಳಿತ್ತು, ಪ್ರತಿ ಐದು ವರ್ಷಕ್ಕೆ ಎರಡು ಮೂರು ತಿಂಗಳಾದರೂ ಶಿಕ್ಷಕರಿಗೆ ಸೇವೆಯಲ್ಲಿದ್ದಾಗಲೇ ಕಲಿಯುವ ಅವಕಾಶ ಬೇಕು ಎಂದು. 1986ರ ನೀತಿಯಿಂದ ಜಿಲ್ಲೆಗೊಂದು ಡಯಟ್, ಅಂದರೆ ಶಿಕ್ಷಕರ ತರಬೇತಿ ಸಂಸ್ಥೆ ಬಂತು. 2020ರ ನೀತಿ ವರ್ಷಕ್ಕೆ ಕನಿಷ್ಠ 50 ಗಂಟೆ ಎನ್ನುತ್ತದೆ, ಶಾಲಾ ಮುಖ್ಯಸ್ಥರಿಗೆ ನಾಯಕತ್ವದ ತರಬೇತಿ ಕೊಡಬೇಕು ಎಂದೂ ಹೇಳುತ್ತದೆ. ಕಾಗದದ ಮೇಲೆ ಕೊರತೆ ಇಲ್ಲ.

ಆದರೆ ಆ ತರಬೇತಿಗೆ ಯಾರಿಗೆ ಹೋಗಲು ಆಗುತ್ತದೆ ಎಂದು ಕೇಳಿ. ಜಿಲ್ಲಾ ಕೇಂದ್ರದಲ್ಲಿ ಐದು ದಿನದ ವಸತಿ ತರಬೇತಿ. ಎದೆಹಾಲು ಕುಡಿಯುವ ಮಗು ಇರುವ ಶಿಕ್ಷಕಿ ಏನು ಮಾಡಬೇಕು? ಮಗುವನ್ನೂ ಅತ್ತೆಯನ್ನೂ ಕರೆದುಕೊಂಡು ಬಂದು, ಅತ್ತೆ ಜಗುಲಿಯಲ್ಲಿ ಮಗು ಆಡಿಸುತ್ತಾ ಕೂತಿದ್ದನ್ನು ನಾನು ಬೇರೆ ಬೇರೆ ಕಡೆ ನೋಡಿದ್ದೇನೆ. ಆ ಶಿಕ್ಷಕಿಯ ಅರ್ಧ ಮನಸ್ಸು ಹೊರಗೆ. ಇನ್ನು ಆನ್‌ಲೈನ್ ತರಬೇತಿ. ನಿಷ್ಠಾ ಎಂಬ ಕೇಂದ್ರದ ಶಿಕ್ಷಕ ತರಬೇತಿ 2019ರಲ್ಲಿ ಶುರುವಾಯಿತು, ಕೋವಿಡ್ ಬಂದ ಮೇಲೆ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಗೆ ಬಂತು. ಮನೆಯಲ್ಲೇ ಕಲಿಯಬಹುದು, ಹೆಂಗಸರಿಗೆ ಅನುಕೂಲ ಎಂದರು. ಮನೆಯಲ್ಲಿ ಯಾವಾಗ? ರಾತ್ರಿ ಪಾತ್ರೆ ತೊಳೆದ ಮೇಲೆ. ಗಂಡ ಆಫೀಸಿನ ಕೆಲಸ ಅಂದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಅವಳು ಮೊಬೈಲ್ ಹಿಡಿದರೆ ಮನೆಮಂದಿಗೆಲ್ಲ ಅವಳು ಬಿಡುವಾಗಿದ್ದಾಳೆ ಎಂದೇ ಅನಿಸುತ್ತದೆ. ವಿಡಿಯೊ ಓಡುತ್ತದೆ, ಪ್ರಮಾಣಪತ್ರ ಬರುತ್ತದೆ. ಅದನ್ನು ಕಲಿಕೆ ಎನ್ನಲು ನನಗೆ ಮನಸ್ಸು ಬಾರದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಮಹಿಳಾ ಸಮಖ್ಯದ ಬಗ್ಗೆ ಹೇಳುತ್ತೇನೆ. ಹೊಸಬರಿಗೆ ಈ ಹೆಸರು ಗೊತ್ತಿಲ್ಲದೆ ಇರಬಹುದು, ಹಳ್ಳಿಯ ಬಡ ಹೆಂಗಸರನ್ನು ಸಂಘಟಿಸುವ ಸರ್ಕಾರಿ ಕಾರ್ಯಕ್ರಮ ಅದು. 1989ರಲ್ಲಿ ಬೀದರ್, ವಿಜಯಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾಯಿತು. ಸಹಯೋಗಿನಿ ಎಂದರೆ ಸುಮಾರು ಹತ್ತು ಹಳ್ಳಿ ನೋಡಿಕೊಳ್ಳುವ ಕಾರ್ಯಕರ್ತೆ. ಹಳ್ಳಿಯಲ್ಲಿ ಬಡ ಹೆಂಗಸರ ಸಂಘ, ಅವರಲ್ಲಿ ಹೆಚ್ಚಿನವರು ದಲಿತ ಮತ್ತು ಕೂಲಿ ಮಾಡುವ ಹೆಂಗಸರು. ಅಲ್ಲಿ ಮೊದಲು ಯೋಜನೆ ಹಂಚಲಿಲ್ಲ. ಕೂತು ಮಾತಾಡಿದರು. ನೀರಿನದು, ರೇಷನ್ನಿನದು, ದೇವದಾಸಿ ಪದ್ಧತಿಯದು, ಗಂಡನ ಹೊಡೆತದ್ದು. ಮಾತಾಡಿ ಮಾತಾಡಿ, ಗುಂಪಾಗಿ ತಹಸೀಲ್ದಾರ್ ಕಚೇರಿಗೆ ಹೋದರು. ಅಲ್ಲಿಂದ ಬಂದ ಹೆಂಗಸರು ಪಂಚಾಯ್ತಿ ಚುನಾವಣೆಗೂ ನಿಂತರು. ಅವರಿಗೆ ಕುರ್ಚಿ ಸಿಗುವ ಮೊದಲೇ ಸಭೆ ನಡೆಸುವ ಅಭ್ಯಾಸ ಆಗಿತ್ತು. 2016ರ ಹೊತ್ತಿಗೆ ಕೇಂದ್ರದ ಹಣ ನಿಂತು ಕಾರ್ಯಕ್ರಮ ಮುಗಿಯಿತು. ಓದು ಬರಹ ಬಾರದ ಹೆಂಗಸರಿಗೆ ನಾಯಕತ್ವ ಕಲಿಸಲು ಒಂದು ದಾರಿ ನಮ್ಮದೇ ರಾಜ್ಯದಲ್ಲಿ ಇತ್ತು. ಡಿ.ಎಡ್, ಬಿ.ಎಡ್ ಮಾಡಿದ ಶಿಕ್ಷಕಿಯರಿಗಾಗಿ ಆ ದಾರಿಯನ್ನು ಯಾರೂ ಬಳಸಲಿಲ್ಲವಲ್ಲ ಎಂಬುದು ನನ್ನ ಕೊರಗು.

ಇನ್ನೊಂದು ಉದಾಹರಣೆ ನಲಿಕಲಿಯದು. ಇದು ಎಲ್ಲಿಂದ ಬಂತು ಗೊತ್ತಾ? 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಿಂದ. ಯುನಿಸೆಫ್ ನೆರವು ಇತ್ತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಬಂದವರು ಕೂತು ಕಾರ್ಡು ಬರೆದರು, ಹಾಡು ಕಟ್ಟಿದರು, ಹಂತ ಹಂತವಾಗಿ ಹತ್ತುವ ಕಲಿಕೆಯ ಏಣಿ ಮಾಡಿದರು, ತರಗತಿಯಲ್ಲಿ ಪ್ರಯೋಗಿಸಿ ತಿದ್ದಿದರು. ಸರ್ಕಾರಿ ಶಾಲೆಯ ಶಿಕ್ಷಕರೇ ಮಾಡಿದ ಕೆಲಸ ಅದು. ಆಮೇಲೆ 2009ರಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೂ ಹೋಯಿತು. ಆಗ ಕಾರ್ಡುಗಳು ಅಚ್ಚಾಗಿ ಪೆಟ್ಟಿಗೆಯಲ್ಲಿ ಬಂದವು.

ಪೆಟ್ಟಿಗೆಯಲ್ಲಿ ಬಂದದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅಷ್ಟು ಶಾಲೆಗಳಿಗೆ ಬೇರೆ ದಾರಿ ಇರಲಿಲ್ಲ. ಆದರೆ ಕಾರ್ಡು ಬರೆದ ಶಿಕ್ಷಕರಿಗೂ ಕಾರ್ಡು ಹಂಚುವ ಶಿಕ್ಷಕರಿಗೂ ತುಂಬಾ ವ್ಯತ್ಯಾಸ ಇದೆ. ಬರೆದವರು ಸಭೆಯಲ್ಲಿ ಎದ್ದು ನಿಂತು "ಈ ಹಂತ ನಮ್ಮ ಮಕ್ಕಳಿಗೆ ಕಷ್ಟ, ಹೀಗೆ ಬದಲಿಸೋಣ" ಎನ್ನುತ್ತಾರೆ. ಹಂಚುವವರು "ಸರ್, ಯಾವ ಕಾರ್ಡಿನಿಂದ ಶುರು ಮಾಡಬೇಕು?" ಎಂದು ಕೇಳುತ್ತಾರೆ. ಇವತ್ತು ನಾನು ಹೋದ ಕಡೆಯೆಲ್ಲ ನಲಿಕಲಿ ತರಗತಿಯಲ್ಲಿ ಕಾಣುವುದು ಶಿಕ್ಷಕಿಯರೇ. ಅವರಲ್ಲಿ ಹತ್ತು ಹದಿನೈದು ವರ್ಷದ ಅನುಭವ ಇರುವವರಿದ್ದಾರೆ. ಸೋಲಿಗ ಮಗು ಯಾವ ಪದಕ್ಕೆ ತಡವರಿಸುತ್ತದೆ, ಲಂಬಾಣಿ ಮನೆಯ ಮಗು ಯಾವ ಪದಕ್ಕೆ ತಡವರಿಸುತ್ತದೆ ಎಂದು ಅವರಿಗೆ ಗೊತ್ತು. ಆ ತಿಳಿವಳಿಕೆಯನ್ನು ಬರೆಸಿಕೊಳ್ಳುವ ಒಂದು ವೇದಿಕೆ ಬೇಕು. ಪಾಠದ ವಿಷಯದಲ್ಲಿ ತನ್ನ ಮಾತು ನಡೆಯುತ್ತದೆ ಎಂದು ಒಮ್ಮೆ ಕಂಡುಕೊಂಡವಳು ಬಿಸಿಯೂಟದ ವಿಷಯದಲ್ಲೂ, ಕಟ್ಟಡದ ವಿಷಯದಲ್ಲೂ ಬಾಯಿ ಬಿಡುತ್ತಾಳೆ. ನಾಯಕತ್ವ ಹುಟ್ಟುವುದು ಇಲ್ಲಿಂದ ಎಂದು ನನ್ನ ನಂಬಿಕೆ. ಸುಮ್ನೆ ಸ್ಲೈಡ್ ತೋರಿಸಿ "ನಾಯಕನ ಹತ್ತು ಗುಣಗಳು" ಎಂದರೆ ಏನೂ ಆಗುವುದಿಲ್ಲ.

ಹೊರದೇಶದ ಒಂದು ಮಾತು ಹೇಳಿಬಿಡುತ್ತೇನೆ. ಪಶ್ಚಿಮ ಆಫ್ರಿಕಾದ ಬೆನಿನ್, ಸೆನೆಗಲ್, ಟೋಗೊ, ಜೊತೆಗೆ ಮಡಗಾಸ್ಕರ್. ಈ ದೇಶಗಳ ಪರೀಕ್ಷೆಗಳ ಮಾಹಿತಿ ನೋಡಿದಾಗ, ಹೆಂಗಸರು ಮುಖ್ಯಸ್ಥರಾಗಿರುವ ಪ್ರಾಥಮಿಕ ಶಾಲೆಗಳ ಮಕ್ಕಳು ಓದಿನಲ್ಲೂ ಗಣಿತದಲ್ಲೂ ಮುಂದಿದ್ದರು ಎಂದು ಯುನೆಸ್ಕೊ, ಯುನಿಸೆಫ್ ಹೇಳಿವೆ. ಇದನ್ನು ಕೇಳಿ ಚಪ್ಪಾಳೆ ಹೊಡೆಯುವ ಮೊದಲು ಸ್ವಲ್ಪ ಯೋಚಿಸಿ. ಅಲ್ಲಿ ಅಂಥ ಹುದ್ದೆಯಲ್ಲಿರುವ ಹೆಂಗಸರು ಬಹಳ ಕಡಿಮೆ. ಅಷ್ಟು ಅಡ್ಡಿ ದಾಟಿ ಬಂದವರು ಸಾಮಾನ್ಯರಾಗಿರುವುದಿಲ್ಲ. ಹೆಂಗಸು ಅಂದ ಮಾತ್ರಕ್ಕೆ ಶಾಲೆ ಚೆನ್ನಾಗಿರುತ್ತದೆ ಎಂದು ಇದರಿಂದ ಹೇಳಲು ಬರುವುದಿಲ್ಲ. ಆದರೆ ಒಂದಂತೂ ಹೇಳಬಹುದು. "ಹೆಂಗಸರ ಕೈಗೆ ಕೊಟ್ಟರೆ ಶಾಲೆ ಕೆಡುತ್ತದೆ" ಎನ್ನುವವರ ಮಾತಿಗೆ ಯಾವ ಆಧಾರವೂ ಇಲ್ಲ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಪಶ್ಚಿಮ ಬಂಗಾಳದ ಅಧ್ಯಯನ. ಅದು ಶಾಲೆಯದಲ್ಲ, ಪಂಚಾಯ್ತಿಯದು. ಬೀರ್‌ಭೂಮ್ ಜಿಲ್ಲೆಯ 495 ಹಳ್ಳಿಗಳಲ್ಲಿ ನಡೆಯಿತು, 2012ರಲ್ಲಿ ಪ್ರಕಟವಾಯಿತು. ಮೀಸಲಾತಿಯಿಂದ ಪಂಚಾಯ್ತಿಯ ಮುಖ್ಯಸ್ಥೆ ಹೆಂಗಸಾಗಿದ್ದ ಕಡೆ, ಮಗಳ ಬಗ್ಗೆ ಅಪ್ಪ ಅಮ್ಮ ಕಾಣುವ ಕನಸು ಬದಲಾಯಿತಾ ಎಂದು ನೋಡಿದರು. ಬದಲಾಗಿತ್ತು. ಹುಡುಗ ಹುಡುಗಿಯರ ಓದಿನ ನಡುವಿನ ಅಂತರವೂ ಅಳಿಸಿತ್ತು. ಆದರೆ ಅದು ಕಂಡದ್ದು ಎರಡು ಅವಧಿ ಹೆಂಗಸರು ಮುಖ್ಯಸ್ಥರಾಗಿದ್ದ ಹಳ್ಳಿಗಳಲ್ಲಿ. ಒಂದೇ ಅವಧಿ ಸಾಲಲಿಲ್ಲ.

ಈಗ ನಮ್ಮ ಶಾಲೆಗೆ ಬನ್ನಿ. ಚಾರ್ಜ್ ಎಷ್ಟು ದಿನ ಒಬ್ಬಳ ಕೈಯಲ್ಲಿರುತ್ತದೆ? ಬೇರೆಯವರು ವರ್ಗಾವಣೆಯಾಗಿ ಬಂದರೆ, ಹಿರಿತನ ಬದಲಾದರೆ, ಮರುದಿನ ಅದು ಹೋಯಿತು. ಅವಳು ಎಸ್‌ಡಿಎಂಸಿಯ ತಾಯಂದಿರ ಜೊತೆ ಬೆಳೆಸಿದ ನಂಟು ಅಲ್ಲೇ ನಿಂತಿತು. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ಇದ್ದಾರೆ, ಪಟ್ಟಿಯಲ್ಲಿ. ಕಲ್ಯಾಣ ಕರ್ನಾಟಕದ ಒಂದು ಹಳ್ಳಿಯಲ್ಲಿ ಚಾರ್ಜ್ ಹೊತ್ತ ಶಿಕ್ಷಕಿಯೊಬ್ಬರು ಸಭೆಯ ದಿನವನ್ನು ಅಮಾವಾಸ್ಯೆಗೆ ಬದಲಾಯಿಸಿದರು. ಆ ದಿನ ಎತ್ತು ಹೂಡುವುದಿಲ್ಲ, ಕೂಲಿ ಕೆಲಸ ಕಡಿಮೆ. ತಾಯಂದಿರು ಬಂದರು. ಮೊದಲ ಸಭೆಯಲ್ಲಿ ಸೆರಗು ಬಾಯಿಗೆ ಇಟ್ಟುಕೊಂಡು ಕೂತಿದ್ದರು. ಕೆಲವು ತಿಂಗಳ ಮೇಲೆ, ಶೌಚಾಲಯಕ್ಕೆ ನೀರು ಯಾಕೆ ಬರುತ್ತಿಲ್ಲ ಎಂದು ಪಂಚಾಯ್ತಿಯವರನ್ನು ಕೇಳಿದವರು ಅವರೇ. ನೀರು ಬಂದ ಮೇಲೆ ದೊಡ್ಡ ಹುಡುಗಿಯರು ತಿಂಗಳಲ್ಲಿ ನಾಲ್ಕೈದು ದಿನ ಮನೆಯಲ್ಲಿ ಉಳಿಯುವುದು ಕಡಿಮೆಯಾಯಿತು. ಇದನ್ನು ಯಾವ ಮಾರ್ಗದರ್ಶಿಯೂ ಹೇಳಿಕೊಟ್ಟಿರಲಿಲ್ಲ. ಆಕೆಯ ನಂತರ ಬಂದವರು ಸಭೆಯನ್ನು ಮತ್ತೆ ಮೊದಲಿನಂತೆ ತಿಂಗಳ ಕೊನೆಯ ಶನಿವಾರಕ್ಕೆ ತಂದರು. ಅವರಿಗೆ ಕಾರಣ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ.

ಹಾಗಾಗಿ ಇಲಾಖೆಯವರಿಗೆ ನನ್ನ ಬೇಡಿಕೆ ಹೀಗಿದೆ. ಚಾರ್ಜ್ ಕೊಟ್ಟರೆ ಕನಿಷ್ಠ ಮೂರು ವರ್ಷಕ್ಕೆ ಕೊಡಿ. ಜೊತೆಗೆ ಅವಳ ಪಾಠದ ಹೊರೆಯಲ್ಲಿ ಒಂದು ಭಾಗ ಇಳಿಸಿ, ಅತಿಥಿ ಶಿಕ್ಷಕರನ್ನು ಕೊಡುವಾಗ ಅಂಥ ಶಾಲೆಗೆ ಮೊದಲು ಕೊಡಿ. ತರಬೇತಿಯನ್ನು ಆದಷ್ಟೂ ಕ್ಲಸ್ಟರ್ ಮಟ್ಟದಲ್ಲಿ, ಶಾಲೆಯ ಸಮಯದಲ್ಲಿ ಮಾಡಿ. ವಸತಿ ತರಬೇತಿ ಬೇಕೇ ಬೇಕು ಎಂದಾದರೆ ಮಕ್ಕಳಿಗೆ ಒಂದು ಕೋಣೆ, ನೋಡಿಕೊಳ್ಳಲು ಒಬ್ಬರು ಇರಲಿ. ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ 180 ದಿನದ ಶಿಶುಪಾಲನಾ ರಜೆ ಕೊಟ್ಟಿತು. ಒಳ್ಳೆಯ ಆದೇಶ. ಆದರೆ ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬಳು ರಜೆ ಹಾಕಿದರೆ ಇನ್ನೊಬ್ಬಳ ಗತಿ? ಆ ಭಯಕ್ಕೆ ಎಷ್ಟೋ ಜನ ರಜೆ ಕೇಳುವುದೇ ಇಲ್ಲ. ಬದಲಿ ಶಿಕ್ಷಕರ ವ್ಯವಸ್ಥೆ ಇಲ್ಲದೆ ರಜೆಯ ಹಕ್ಕು ಪೂರ್ತಿಯಾಗುವುದಿಲ್ಲ.

ಜಾತಿಯ ಮಾತನ್ನು ಬಿಟ್ಟು ಹೋಗಲಾರೆ. ದಲಿತ ಹೆಂಗಸರು ಅಡುಗೆ ಮಾಡಿದರೆ ಮಕ್ಕಳನ್ನು ಊಟಕ್ಕೆ ಕೂರಿಸದ ಊರುಗಳನ್ನು ನಾವು ನೋಡಿದ್ದೇವೆ. ಅಂಥ ಊರಿನಲ್ಲಿ ದಲಿತ ಶಿಕ್ಷಕಿಗೆ ಚಾರ್ಜ್ ಬಂದರೆ ಅವಳ ಸಹಿಗೆ, ಅವಳ ಮಾತಿಗೆ ಊರಿನ ಹಿರಿಯರು ಎಷ್ಟು ಬೆಲೆ ಕೊಡುತ್ತಾರೆ? ಹೆಂಗಸರು ಎಂದು ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಲೆಕ್ಕ ಹಾಕಿದರೆ ಅವಳ ಕಷ್ಟ ಕಾಣುವುದಿಲ್ಲ. ಅಲ್ಲಿ ಇಲಾಖೆ ಅವಳ ಹಿಂದೆ ಬಹಿರಂಗವಾಗಿ ನಿಲ್ಲಬೇಕು. ಸಹೋದ್ಯೋಗಿಗಳಾಗಿ ನಾವು ಇಲಾಖೆಗಿಂತ ಮೊದಲು ನಿಲ್ಲಬೇಕು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಶಿಕ್ಷಕರು ಎದ್ದು, "ಇದರಲ್ಲಿ ಗಂಡಸರು ಮಾಡುವುದೇನು ಮೇಡಂ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ, ಮನಸ್ಸಿನಿಂದ ಕೇಳಿದ ಪ್ರಶ್ನೆ. ನಾನು ಅವರಿಗೆ ಹೇಳಿದ್ದು ಇದು. ನಿಮ್ಮ ಶಾಲೆಯಲ್ಲಿ ಕಸ ಗುಡಿಸುವವರು ಯಾರು, ಗಂಟೆ ಹೊಡೆಯುವವರು ಯಾರು ಎಂದು ಒಂದು ವಾರ ಗಮನಿಸಿ. ಮಕ್ಕಳ ಸಂಸತ್ತಿನಲ್ಲಿ ಪ್ರಧಾನಿ ಯಾರು, ಸ್ವಚ್ಛತಾ ಮಂತ್ರಿ ಯಾರು ಎಂದು ನೋಡಿ. ಅತಿಥಿಗಳು ಬಂದಾಗ ಚಹಾ ಮಾಡಲು ಎದ್ದವರು ಯಾರು, ಅವರ ಪಕ್ಕ ಕೂತು ಮಾತಾಡಿದವರು ಯಾರು ಎಂದು ನೋಡಿ. ಇದನ್ನು ಬರೆದಿಟ್ಟುಕೊಂಡು ಮುಂದಿನ ಸಮಾಲೋಚನಾ ಸಭೆಗೆ ತನ್ನಿ. ಲಿಂಗ ಸಮಾನತೆಯ ತರಬೇತಿ ಎಂದರೆ ಶಿಕ್ಷಕಿಯರನ್ನೇ ಕಳಿಸುವ ರೂಢಿ ಇದೆ. ಈ ಸಲ ನಿಮ್ಮ ಹೆಸರು ಕೊಡಿ. ಸಿಆರ್‌ಪಿ ಹುದ್ದೆಗೆ ಅರ್ಜಿ ಕರೆದಾಗ, ನಿಮ್ಮ ಶಾಲೆಯಲ್ಲಿ ನಿಮಗಿಂತ ಚೆನ್ನಾಗಿ ಪಾಠ ಮಾಡುವ ಶಿಕ್ಷಕಿ ಇದ್ದರೆ ಆ ಸುತ್ತೋಲೆಯನ್ನು ಅವರ ಕೈಗೆ ಕೊಡಿ. ಅವರು ಪರೀಕ್ಷೆಗೆ ಹೋದ ದಿನ ಅವರ ತರಗತಿಯನ್ನು ನೀವು ತೆಗೆದುಕೊಳ್ಳಿ.